ಔಡಲೆಣ್ಣೆಯಿಂದ ಪೀಚ್ ಪರಿಮಳ

ಬಸವಕಲ್ಯಾಣ, ಹುಮನಾಬಾದ ಕಡೆ ಔಡಲವೆನ್ನುವ ಗಿಡ ಹಳೇ ಮೈಸೂರಿನವರಿಗೆ ಹರಳು. ಅದರ ಎಣ್ಣೆಯ ವಾಸನೆ ನಿಮಗೆ ಗೊತ್ತೇ ಇದೆ. ಪೀಚ್ ಹಣ್ಣಿನ ಪರಿಮಳವನ್ನು ಅದರಿಂದಲೇ ತಯಾರಿಸುತ್ತಾರೆಂದರೆ ನಂಬುವಿರಾ?

ಈ ಎಣ್ಣೆಯ ಬಹುಪಾಲು ರಿಸಿನೋಲಿಕ್ ಆಮ್ಲ. ಅದರದು 18 ಕಾರ್ಬನ್ ಪರಮಾಣುಗಳ ಸರಪಳಿ. ಯಾರೋವಿಯಾ ಲಿಪೊಲಿಟಿಕಾ ಎಂಬ ಯೀಸ್ಟ್ ಪ್ರತಿ ಸುತ್ತಿನಲ್ಲೂ ಎರಡೆರಡು ಕಾರ್ಬನ್‌ಗಳನ್ನು ಕತ್ತರಿಸುತ್ತದೆ. ನಾಲ್ಕು ಸುತ್ತು ಮುಗಿದಾಗ ಉಳಿಯುವುದು 10. ಆ ತುಂಡು ಬಾಗಿ ಉಂಗುರವಾದರೆ ಪೀಚ್ ಪರಿಮಳದ ಗಾಮಾ-ಡೆಕಲ್ಯಾಕ್ಟೋನ್ ಸಿದ್ಧ. ತೊಡಕೆಂದರೆ, ಯೀಸ್ಟ್‌ಗೆ ಇದೆಲ್ಲ ಊಟ. ಸಕಾಲದಲ್ಲಿ ತಡೆಯದಿದ್ದರೆ ಉಳಿದ ಹತ್ತನ್ನೂ ತಿಂದು ಮುಗಿಸುತ್ತದೆ!

ಅಣುಸೂತ್ರ ಒಂದೇ ಆದಮೇಲೆ ರಾಸಾಯನಿಕವಾಗಿ ಸಂಶ್ಲೇಷಿಸಿದ್ದಕ್ಕೂ ಇದಕ್ಕೂ ಏನು ಭೇದ? ಸಾಮಾನ್ಯ ಸಂಶ್ಲೇಷಣೆಯಲ್ಲಿ ಎಡಗೈ-ಬಲಗೈಗಳಂಥ ಎರಡು ರೂಪಗಳು ಸಮವಾಗಿ ಹುಟ್ಟುತ್ತವೆ. ಯೀಸ್ಟ್ ಕೊಡುವುದು ಒಂದನ್ನೇ. ಪೀಚ್‌ನಲ್ಲಿ ಹೆಚ್ಚಾಗಿರುವುದೂ ಅದೇ. ಧ್ರುವೀಕೃತ ಬೆಳಕಿನ ತಲ ಮೊದಲಿನ ಮಿಶ್ರಣದಲ್ಲಿ ತಿರುಗದು, ಯೀಸ್ಟಿನದರಲ್ಲಿ ತಿರುಗುತ್ತದೆ. (ನಮ್ಮ ಭೌತವಿಜ್ಞಾನಕ್ಕೆ ಇಲ್ಲೂ ಕೆಲಸವುಂಟು.)