ಬಟ್ಟೆಯ ನೂಲು ಮೀನಿನ ಹೊಟ್ಟೆಗೆ

ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೇವೆ. ಕೊಯ್ಯುವಾಗ ಕರುಳು ತೆಗೆದು ಚೆನ್ನಾಗಿ ತೊಳೆಯುತ್ತೇವೆ. ಆದರೆ ಆ ಕರುಳಿನೊಳಗೆ ನಾವು ಉಡುವಂಥದ್ದೇ ಬಟ್ಟೆಯ ನೂಲು ಇರಬಹುದು ಅಂತ ಯೋಚಿಸುವವರು ಎಷ್ಟು ಮಂದಿ?

ಅಮೆರಿಕ ಮತ್ತು ಕೆನಡಾದ ಗಡಿಯಲ್ಲಿ ಐದು ಮಹಾ ಸರೋವರಗಳಿವೆ. ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನ ಸುಮಾರು ಐದನೇ ಒಂದು ಪಾಲು ಇಲ್ಲೇ ಇದೆ. 2012ರಲ್ಲಿ ಇವುಗಳ ಪೈಕಿ ಮೂರು ಸರೋವರಗಳಲ್ಲಿ ಬಲೆ ಎಳೆದು ನೋಡಿದಾಗ, ಒಂದು ಚದರ ಕಿ.ಮೀ. ನೀರಿನಲ್ಲಿ ಸರಾಸರಿ 43,000 ಪ್ಲಾಸ್ಟಿಕ್ ಕಣಗಳು ಸಿಕ್ಕವು. ಐದು ಮಿಲಿಮೀಟರ್‌ಗಿಂತ ಚಿಕ್ಕದಾದ ಇಂಥ ಕಣಗಳಿಗೇ ಮೈಕ್ರೋಪ್ಲಾಸ್ಟಿಕ್ ಎನ್ನುವುದು. ಮೀನುಗಳ ಕಥೆ ಇನ್ನೂ ಕಷ್ಟದ್ದು. 2021ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಒಂದೇ ಮೀನಿನ ಹೊಟ್ಟೆಯಲ್ಲಿ 915 ಕಣಗಳಿದ್ದವು!

ಇದೆಲ್ಲ ಎಲ್ಲಿಂದ ಬಂತು? ಒಂದು ಪಾಲು ಫೇಸ್‌ವಾಶ್, ಟೂತ್‌ಪೇಸ್ಟ್‌ಗೆ ಬೆರೆಸುತ್ತಿದ್ದ ಸಣ್ಣ ಮಣಿಗಳದ್ದು. ತೊಳೆದು ಹೋಗುವ ಇಂಥ ಸಾಮಾನುಗಳಲ್ಲಿ ಮಣಿ ಬೆರೆಸಬಾರದೆಂದು ಅಮೆರಿಕ 2015ರಲ್ಲಿ ಕಾನೂನು ಮಾಡಿತು. ಇನ್ನೊಂದು ಪಾಲು ವಾಷಿಂಗ್ ಮೆಷಿನ್‌ನದ್ದು. ಪಾಲಿಯೆಸ್ಟರ್, ನೈಲಾನ್ ಬಟ್ಟೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಉದುರಿ ಚರಂಡಿ ಸೇರುತ್ತವೆ. ಕೊಳಚೆ ನೀರಿನ ಶುದ್ಧೀಕರಣ ಘಟಕ ಹೆಚ್ಚಿನದನ್ನು ಹಿಡಿದರೂ ಉಳಿದದ್ದು ಸರೋವರಕ್ಕೇ ಹೋಗುತ್ತದೆ.

ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಹ್ಯೂರಾನ್ ಸರೋವರದ ದಡದಲ್ಲಿ ಪ್ಯಾರಿ ಸೌಂಡ್ ಎಂಬ ಪುಟ್ಟ ಊರಿದೆ. ಅಲ್ಲಿನ 97 ಮನೆಗಳ ವಾಷಿಂಗ್ ಮೆಷಿನ್‌ಗಳಿಗೆ ಫಿಲ್ಟರ್ ಕೂರಿಸಿದರು. ಊರಿನ ಹತ್ತರಲ್ಲಿ ಒಂದು ಮನೆ ಅಷ್ಟೇ. ಆದರೂ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನಲ್ಲಿ ನೂಲಿನೆಳೆಗಳು ಶೇ. 41ರಷ್ಟು ಕಡಿಮೆಯಾದವು.

ದೂರದ ದೇಶದ ಸುದ್ದಿ ಅಂತ ಬಿಡುವ ಹಾಗಿಲ್ಲ. ನಮ್ಮ ನೇತ್ರಾವತಿಯಲ್ಲೂ ಮೈಕ್ರೋಪ್ಲಾಸ್ಟಿಕ್ ಇರುವುದನ್ನು ಮಣಿಪಾಲದ ಸಂಶೋಧಕರು 2020ರಲ್ಲೇ ತೋರಿಸಿದ್ದಾರೆ. ನಾವು ತೊಡುವ ಬುರ್ಖಾ, ದುಪಟ್ಟಾ, ಮಕ್ಕಳ ಯೂನಿಫಾರ್ಮ್ ಬಹುಪಾಲು ಪಾಲಿಯೆಸ್ಟರೇ ಅಲ್ಲವೇ?

ಮನೆಯಲ್ಲೇ ಮಾಡಬಹುದಾದ್ದು ಇಷ್ಟು: ಎರಡು ಬಟ್ಟೆಗೆಂದು ಮೆಷಿನ್ ಹಾಕದೆ ತುಂಬುವಷ್ಟು ಸೇರಿಸಿ ಒಗೆಯೋಣ. ಬಿಸಿನೀರು ಬೇಡ, ತಣ್ಣೀರೇ ಸಾಕು. ಮೆಷಿನ್‌ನ ಜಾಲರಿಯಲ್ಲಿ ಕೂತ ನೂಲಿನ ಉಂಡೆಯನ್ನು ನಲ್ಲಿಯಡಿ ಹಿಡಿದು ತೊಳೆಯದೆ, ಕೈಯಲ್ಲಿ ತೆಗೆದು ಒಣಕಸಕ್ಕೆ ಹಾಕೋಣ. ಹತ್ತರಲ್ಲಿ ಒಂದು ಮನೆ ಮನಸ್ಸು ಮಾಡಿದ್ದಕ್ಕೇ ಅಲ್ಲಿ ಲೆಕ್ಕ ಬದಲಾಯಿತು. ಇಲ್ಲಿ ಆ ಒಂದು ಮನೆ ನಮ್ಮದಾಗಲಿ.