ದಾರಿಯಲ್ಲಿ ಮಕ್ಕಳಿಗೆ ಹೊಣೆ ಯಾರು?

ಮಕ್ಕಳನ್ನು ಶಾಲೆಗೆ ಕಳುಹಿಸಿರೆಂದು ಜನರಿಗೆ ಉಪದೇಶಿಸಬೇಕಾಗಿದ್ದ ಕಾಲವು ನಮ್ಮ ರಾಯಚೂರು ಸೀಮೆಯಲ್ಲಿಯೂ ಹಿಂದಾಯಿತು. ಮಸ್ಕಿ ತಾಲೂಕಿನ ಪಾಮನಕಲ್ಲೂರಿನಂಥ ಗ್ರಾಮಗಳಲ್ಲಿ ರೈತನೂ ಕೂಲಿಕಾರನೂ ಹೊಟ್ಟೆ ಬಟ್ಟೆ ಕಟ್ಟಿ ತಮ್ಮ ಕೂಸುಗಳನ್ನು ಓದಿಸಲು ಹವಣಿಸುತ್ತಿರುವರು. ಆದರೆ ವಿದ್ಯೆಯ ದಾರಿಯು ಈಗ ಕಾಲುದಾರಿಯಲ್ಲ. ಅದು ಮೋಟಾರಿನ ದಾರಿಯು. ಮನೆಯಲ್ಲಿ ಮಗುವಿಗೆ ತಾಯಿತಂದೆಗಳು ಹೊಣೆ. ಶಾಲೆಯಲ್ಲಿ ಗುರುಗಳು ಹೊಣೆ. ಇವೆರಡರ ನಡುವಣ ದಾರಿಯಲ್ಲಿ ಹೊಣೆ ಯಾರೆಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ಈ ಪ್ರಶ್ನೆಯು ಕಾಲ್ಪನಿಕವಾದುದಲ್ಲ. 2024ನೆಯ ಇಸವಿಯ ಸಪ್ಟೆಂಬರ 5ರಂದು, ನಾಡೆಲ್ಲವೂ ಶಿಕ್ಷಕರ ದಿನವನ್ನು ಆಚರಿಸುತ್ತಿದ್ದಾಗ, ನಮ್ಮ ನೆರೆಯ ಮಾನ್ವಿ ತಾಲೂಕಿನ ಕಪಗಲ್ ಬಳಿ ಶಾಲೆಯ ಬಸ್ಸಿಗೂ ಸರಕಾರಿ ಸಾರಿಗೆಯ ಬಸ್ಸಿಗೂ ಸಂಘಟ್ಟನೆಯಾಗಿ ಇಬ್ಬರು ಮಕ್ಕಳು ಅಸುನೀಗಿದರು, ಅನೇಕರು ಗಾಯಗೊಂಡರು. ಅದೇ ವರ್ಷದ ಜನವರಿಯಲ್ಲಿ ಜಮಖಂಡಿಯ ಬಳಿಯ ಆಲಗೂರಿನಲ್ಲಿ ಶಾಲೆಯ ಬಸ್ಸು ಟ್ರ್ಯಾಕ್ಟರಿಗೆ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ತೀರಿಹೋದರು. 2016ರ ಜೂನಿನಲ್ಲಿ ಕುಂದಾಪುರ ಸಮೀಪದ ತ್ರಾಸಿಯಲ್ಲಿ ಎಂಟು ಮಕ್ಕಳು ಒಂದೇ ವ್ಯಾನಿನಲ್ಲಿ ಪ್ರಾಣ ಕಳೆದುಕೊಂಡರು. ಪ್ರತಿಸಲವೂ ಶೋಕ, ಪರಿಹಾರಧನ, ಕೆಲವು ದಿವಸಗಳ ತಪಾಸಣೆ, ಬಳಿಕ ಮೌನ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ರಾಜ್ಯಭಾರವೆನಿಸೀತೆ?

ಕಾನೂನಿನ ಕೊರತೆಯೇನೂ ಇಲ್ಲ. ದಿಲ್ಲಿಯ ವಾಹನಗಳ ಸಂಬಂಧವಾಗಿ ಸುಪ್ರೀಂ ಕೋರ್ಟು 1997ರಲ್ಲಿಯೇ ವಿಧಿಸಿದ ನಿಬಂಧನೆಗಳು ದೇಶಕ್ಕೆಲ್ಲ ಮಾದರಿಯಾದವು: ಹಳದಿ ಬಣ್ಣ, ಕಿಟಕಿಗೆ ಅಡ್ಡ ಸರಳು, ಭದ್ರವಾದ ಬಾಗಿಲು, ಗಂಟೆಗೆ 40 ಕಿಲೋಮೀಟರು ಮೀರದ ವೇಗ, ಭಾರಿ ವಾಹನ ನಡೆಸಿದ 5 ವರ್ಷಗಳ ಅನುಭವವುಳ್ಳ ಚಾಲಕ, ಇವೆಲ್ಲಕ್ಕೂ ಮಿಗಿಲಾಗಿ ಮಕ್ಕಳನ್ನು ನೋಡಿಕೊಳ್ಳಲು ಬಸ್ಸಿನಲ್ಲಿ ಒಬ್ಬ ಅರ್ಹ ಸಹಾಯಕ. ಕರ್ನಾಟಕ ಸರಕಾರವೂ 2012ರಲ್ಲಿ ಶಾಲಾಮಕ್ಕಳ ವಾಹನಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ರಚಿಸಿತು.

ಹಳದಿ ಬಣ್ಣವು ಕಣ್ಣಿಗೆ ಬೀಳುವುದು. ಆದುದರಿಂದ ಅದನ್ನು ಬಳಿಯುವರು. ಸಹಾಯಕನಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಆದುದರಿಂದ ಉಳಿತಾಯದ ಕತ್ತರಿಯು ಮೊದಲು ಅವನ ಮೇಲೆಯೇ ಬೀಳುವುದು. ಆದರೆ ಎತ್ತರದ ಆಸನದಲ್ಲಿ ಕುಳಿತ ಚಾಲಕನಿಗೆ ಬಸ್ಸಿನ ಮೂತಿಗೆ ತಾಗಿ ನಡೆಯುವ ಎಳೆಯ ಮಗುವು ಕಾಣಿಸದು. ಇಳಿದ ಮಗುವನ್ನು ಕೈಹಿಡಿದು ರಸ್ತೆ ದಾಟಿಸುವುದು, ಬಾಗಿಲು ಹಾಕಿದ ಮೇಲೆಯೇ ಗಾಡಿ ಬಿಡಿಸುವುದು, ಹತ್ತಿದವರನ್ನೂ ಇಳಿದವರನ್ನೂ ಎಣಿಸುವುದು, ಕೊನೆಗೆ ಆಸನಗಳನ್ನೆಲ್ಲ ನೋಡಿ ನಿದ್ದೆ ಹೋದ ಕೂಸು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಇವು ಸಹಾಯಕನ ಕೆಲಸಗಳು. ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಬಸ್ಸಿನೊಳಗೆ ಮರೆತುಹೋದ ಮಗುವಿನ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. ಸಿಂಧನೂರು, ಮಾನ್ವಿ ಕಡೆಯ ಕಾಲುವೆ ಪ್ರದೇಶದಲ್ಲಿ ಸುಗ್ಗಿ ಬಂತೆಂದರೆ ಭತ್ತದ ಲಾರಿ, ಟ್ರ್ಯಾಕ್ಟರುಗಳ ಸಂದಣಿಯೂ ಇದಕ್ಕೆ ಕೂಡಿಕೊಳ್ಳುವುದು.

ಮಸ್ಕಿಯ ಬಂಡೆಯ ಶಾಸನವು 1915ರಲ್ಲಿ ಬೆಳಕಿಗೆ ಬಂದಾಗ ಲೋಕವು ಅದನ್ನು ಮನ್ನಿಸಿದ್ದೇಕೆ? ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ 'ದೇವಾನಾಂಪ್ರಿಯ'ನೆಂಬ ಬಿರುದು ಮಾತ್ರವಿದ್ದಿತು. ಇಲ್ಲಿ ಅಶೋಕನೆಂಬ ಹೆಸರೇ ದೊರೆಯಿತು. ಆಜ್ಞೆಯು ಯಾರದೆಂಬುದು ಸ್ಪಷ್ಟವಾಯಿತು. ಮಕ್ಕಳ ರಕ್ಷಣೆಗೂ ಬೇಕಾದುದು ಅಂಥ ಹೆಸರೇ. 'ಶಾಲೆ', 'ಆಡಳಿತ', 'ಇಲಾಖೆ' ಎಂಬ ಬಿರುದುಗಳ ಹಿಂದೆ ಹೊಣೆಯು ಅಡಗಿಕೊಳ್ಳುತ್ತಿದೆ. ಪ್ರತಿ ಬಸ್ಸಿಗೂ ಹೊಣೆಗಾರನೊಬ್ಬನ ಹೆಸರನ್ನು ಬರೆದಿಡಬೇಕು. ಮಕ್ಕಳ ಎಣಿಕೆಯ ಪುಸ್ತಕಕ್ಕೆ ಅವನು ದಿನವೂ ರುಜು ಹಾಕತಕ್ಕದ್ದು. ಸಾರಿಗೆ ಅಧಿಕಾರಿಗಳು ಗಾಡಿಯ ಕಾಗದಪತ್ರಗಳೊಡನೆ ಆ ಪುಸ್ತಕವನ್ನೂ ಕೇಳಿ ನೋಡಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಶಾಲೆಯ ತಪಾಸಣೆಯನ್ನು ಬಸ್ಸಿನ ಬಾಗಿಲಿನಿಂದಲೇ ಆರಂಭಿಸಲಿ.

ಪಾಲಕರೂ ಕೈಕಟ್ಟಿ ಕುಳಿತಿರಲಾಗದು. ಶುಲ್ಕ ಕೊಟ್ಟೆವೆಂದಮಾತ್ರಕ್ಕೆ ಕರ್ತವ್ಯವು ತೀರಲಿಲ್ಲ. ಬಸ್ಸಿನಲ್ಲಿ ಸಹಾಯಕನಿರುವನೋ ಇಲ್ಲವೋ, ಅಳತೆ ಮೀರಿ ಮಕ್ಕಳನ್ನು ತುಂಬಿರುವರೋ ಎಂದು ವಾರಕ್ಕೊಮ್ಮೆಯಾದರೂ ಅವರು ಕಣ್ಣಾರೆ ನೋಡಬೇಕು. ಬಾಡಿಗೆ ಅಗ್ಗವೆಂದು ಸರಕಿನ ಆಟೋದಲ್ಲಿ ಮಕ್ಕಳನ್ನು ಕಳುಹಿಸುವ ಊರಿನವರು ಒಟ್ಟುಗೂಡಿ ಸಾರಿಗೆ ಸಂಸ್ಥೆಯಿಂದ ಶಾಲೆಯ ವೇಳೆಗೆ ಸರಿಯಾದ ಬಸ್ಸನ್ನು ಕೇಳಿ ಪಡೆಯಬೇಕು. ಒಬ್ಬ ಸಹಾಯಕನ ಸಂಬಳವು ಹತ್ತಾರು ಮನೆಗಳಿಗೆ ಹಂಚಿದರೆ ಹೊರೆಯಾಗದು. ಆ ಅಲ್ಪ ವೆಚ್ಚಕ್ಕೆ ಹಿಂಜರಿಯುವ ಶಾಲೆಗೆ ಬಸ್ಸು ಓಡಿಸುವ ಅಪ್ಪಣೆಯೇ ದೊರೆಯಕೂಡದು.