ಪುಟ ಒಂದೇ, ಪದರ ಹಲವು

ಕನ್ನಡ, ತೆಲುಗು, ತಮಿಳು ಒಟ್ಟೊಟ್ಟಿಗೇ ಕಿವಿಗೆ ಬೀಳುವ ಊರು ಕೃಷ್ಣರಾಜಪುರ. ಗಂಡಿನ ಕಡೆಯವರು ಕನ್ನಡದವರು, ಹೆಣ್ಣಿನ ಕಡೆಯವರು ತೆಲುಗಿನವರು ಎಂದಿಟ್ಟುಕೊಳ್ಳಿ. ಲಗ್ನಪತ್ರಿಕೆಯ ಗಣಪತಿ, ಮಂಟಪ, ಬಾರ್ಡರ್ ಎರಡು ಕಡೆಗೂ ಅವೇ. ಮ್ಯಾಟರ್ ಮಾತ್ರ ಬೇರೆ. ಡಿಟಿಪಿ ಮಾಡುವವರು ಇದಕ್ಕೆ ಎರಡೆರಡು ಫೈಲ್ ಇಟ್ಟುಕೊಳ್ಳಬೇಕಿಲ್ಲ. ಚಿತ್ರಕ್ಕೊಂದು, ಕನ್ನಡಕ್ಕೊಂದು, ತೆಲುಗಿಗೊಂದು ಲೇಯರ್ ಮಾಡಿ, ಬೇಡದ ಲೇಯರಿನ ಎದುರಿರುವ ಕಣ್ಣಿನ ಗುರುತು ಒತ್ತಿದರೆ ಅದು ಮರೆಯಾಗುತ್ತದೆ.

ಈ ಪದರಗಳ ಲೆಕ್ಕ ಕಂಪ್ಯೂಟರಿಗಿಂತ ಹಳೆಯದು. ಆಫ್‌ಸೆಟ್ ಪ್ರೆಸ್ಸುಗಳಲ್ಲಿ ಬಣ್ಣಕ್ಕೊಂದು ಫಿಲ್ಮ್ ಇರುತ್ತಿತ್ತು. ಲೈಟ್ ಟೇಬಲ್ ಮೇಲಿಟ್ಟು, ಅಂಚಿನ ರಿಜಿಸ್ಟರ್ ಮಾರ್ಕ್ ಒಂದರ ಮೇಲೊಂದು ಕೂರುವಂತೆ ಹೊಂದಿಸಬೇಕಿತ್ತು. ಕೂದಲೆಳೆಯಷ್ಟು ಜರುಗಿದರೂ ಗಣಪತಿಗೆ ಎರಡು ಸೊಂಡಿಲು!

1985ರಲ್ಲಿ ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಬಂದು ಕತ್ತರಿ, ಗೋಂದುಗಳನ್ನು ಮೂಲೆಗೆ ಸರಿಸಿತಾದರೂ ಲೇಯರ್ ತರಲಿಲ್ಲ. 1994ರಲ್ಲಿ ಫೋಟೋಶಾಪ್ 3 ಅದನ್ನು ಚಿತ್ರಗಳಿಗೆ ಒದಗಿಸಿತು. ಅದೇ ವರ್ಷ ಆಲ್ಡಸ್ ಅಡೋಬಿಯ ಪಾಲಾಯಿತು, ಪೇಜ್‌ಮೇಕರ್ 6.5ರ ಹೊತ್ತಿಗೆ ಪುಟವಿನ್ಯಾಸಕ್ಕೂ ಲೇಯರ್ ಬಂತು. 1999ರ ಇನ್‌ಡಿಸೈನ್ ಅದರೊಂದಿಗೇ ಹುಟ್ಟಿತು. ಕ್ವಾರ್ಕ್ ಎಕ್ಸ್‌ಪ್ರೆಸ್ ಅದನ್ನು ಅಳವಡಿಸಿಕೊಂಡದ್ದು 2002ರಲ್ಲಿ, ಐದನೇ ಆವೃತ್ತಿಯಲ್ಲಿ.

ನಿಜವಾದ ಉಳಿತಾಯ ಇರುವುದು ಪ್ಲೇಟಿನಲ್ಲಿ. ನಾಲ್ಕು ಬಣ್ಣದ ಪತ್ರಿಕೆಯನ್ನು ಎರಡು ಭಾಷೆಯಲ್ಲಿ ಬೇರೆಬೇರೆಯಾಗಿ ಮಾಡಿದರೆ ಎಂಟು ಪ್ಲೇಟ್. ಅಕ್ಷರಗಳನ್ನೆಲ್ಲ ಮೇಲಿನ ಲೇಯರಿನಲ್ಲಿ ಅಪ್ಪಟ ಕಪ್ಪಿನಲ್ಲಿಟ್ಟು ಓವರ್‌ಪ್ರಿಂಟ್ ಮಾಡಿದರೆ, ಭಾಷೆ ಬದಲಾದಾಗ ಕಪ್ಪಿನ ಪ್ಲೇಟ್ ಒಂದನ್ನೇ ಬದಲಿಸಿದರಾಯಿತು, ಒಟ್ಟು ಐದು. ಆದರೆ ಮಂಗಳಕಾರ್ಯಕ್ಕೆ ಕಪ್ಪಕ್ಷರ ಬೇಡ, ಕುಂಕುಮದ ಬಣ್ಣವೇ ಬೇಕು ಎಂದು ಹಿರಿಯರು ಪಟ್ಟು ಹಿಡಿದರೆ ಈ ಲೆಕ್ಕ ತಲೆಕೆಳಗು. ಆ ಕೆಂಪು ಮೆಜೆಂಟಾ, ಹಳದಿಗಳಿಂದ ಕೂಡಿದ್ದು. ಅವುಗಳ ಪ್ಲೇಟನ್ನೂ ಬದಲಿಸಲೇಬೇಕು.

ಇನ್ನೊಂದು ಎಚ್ಚರಿಕೆ ಬೇಕು. ಇನ್‌ಡಿಸೈನ್‌ನಲ್ಲಿ ಒಂದು ಚಿತ್ರಕ್ಕೆ ಟೆಕ್ಸ್ಟ್ ರ‍್ಯಾಪ್ ಕೊಟ್ಟು ಅದರ ಲೇಯರನ್ನು ಮರೆಮಾಡಿದರೂ, ಕಾಣದ ಆ ಚಿತ್ರ ಬೇರೆ ಲೇಯರಿನ ಸಾಲುಗಳನ್ನು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ಲೇಯರ್ ಮರೆಯಾದಾಗ ರ‍್ಯಾಪ್ ಕೂಡ ನಿಲ್ಲಲಿ ಎಂಬ ಆಯ್ಕೆ ಲೇಯರ್ ಆಪ್ಷನ್ಸ್‌ನಲ್ಲಿದೆ. ಅದಕ್ಕೆ ಟಿಕ್ ಹಾಕಬೇಕು.

ಪತ್ರಿಕೆ ಮಾಡಿಸುವವರಿಗೂ ಒಂದು ಮಾತು: ಎರಡು ಭಾಷೆ ಬೇಕಿದ್ದರೆ ಪ್ರೂಫ್ ನೋಡಿದ ಮೇಲಲ್ಲ, ಮೊದಲ ದಿನವೇ ಹೇಳಿ. ಅಕ್ಷರದ ಬಣ್ಣವನ್ನೂ ಅಂದೇ ಮನೆಯವರೆಲ್ಲ ಕೂತು ತೀರ್ಮಾನಿಸಿ.